ಆರಿಸದ ಗರಗಸ

ವರ್ಷಕ್ಕೆ ಒಂದು ದಿನ, ನವೆಂಬರ್ ಏಳರಂದು, ಜಪಾನಿನ ಕುರೊತಾನಿ ಎಂಬ ಹಳ್ಳಿಯಲ್ಲಿ ಯಾರೂ ಬೆಟ್ಟ ಹತ್ತುವುದಿಲ್ಲ. ಅಂದು ಬೆಟ್ಟದ ದೇವಿ ತನ್ನ ಮರಗಳನ್ನು ಎಣಿಸುತ್ತಾಳೆ. ಎಣಿಸುವಾಗ ಎದುರಿಗೆ ಸಿಕ್ಕ ಮನುಷ್ಯನನ್ನೂ ಮರವೆಂದೇ ಲೆಕ್ಕಕ್ಕೆ ಸೇರಿಸಿಬಿಡುತ್ತಾಳೆ, ಆಮೇಲೆ ಅವನು ಮನೆಗೆ ಬರುವುದಿಲ್ಲ. ಹಾಗಾಗಿ ಗಂಡಸರು ಬೆಳಿಗ್ಗೆ ದೇವಿಗೆ ಸಾಕೆ ಎಂಬ ಅಕ್ಕಿಯ ಹೆಂಡ ಇಟ್ಟು, ಒಣಗಿಸಿದ ಕುರೂಪಿ ಮೀನೊಂದನ್ನು ತೋರಿಸಿ ಅವಳನ್ನು ನಗಿಸಿ, ತಂತಮ್ಮ ಚೈನ್ ಗರಗಸ ಹೊತ್ತು ಶಿಗೆನೊಳ ಅಂಗಳಕ್ಕೆ ಬರುತ್ತಾರೆ. ಮೆಷಿನ್ನಿಗೆ ಮೈ ಒರೆಸಿಕೊಳ್ಳಲು ಸಿಗುವುದು ಅದೊಂದೇ ದಿನ.

ಶಿಗೆನೊಳಿಗೆ ಆಗ ಅರವತ್ತಮೂರು. ಹೊಳೆಯ ದಂಡೆಯ ಆ ರಿಪೇರಿ ಅಂಗಡಿ ಅವಳಪ್ಪನದು. ಮೆಷಿನ್ ಬಿಚ್ಚುವ ಮೊದಲೇ ಸದ್ದು ಕೇಳಿ ರೋಗ ಹೇಳುವಷ್ಟು ಕಿವಿ, ಅದನ್ನು ತಂದವನಿಗೆ ತಿರುಗಿ ಮಾತಾಡಲು ಬಾರದಂತೆ ಮಾಡುವಷ್ಟು ನಾಲಿಗೆ. ನೀನು ಹಲ್ಲುಜ್ಜುವುದಾದರೂ ಉಂಟೋ ಇಲ್ಲವೋ, ಚೈನಿನ ಹಲ್ಲು ನೋಡಿದರೆ ಅನುಮಾನ ಬರುತ್ತದೆ ಎಂದು ಊರ ಹಿರಿಯರಿಗೇ ಅಂದವಳು. ಅವರು ನಕ್ಕು ಸುಮ್ಮನಾಗುತ್ತಿದ್ದರು, ಏಕೆಂದರೆ ಅವಳ ಕೈ ಬಿದ್ದ ಮೆಷಿನ್ ಬೆಟ್ಟದಲ್ಲಿ ಕೈ ಕೊಡುತ್ತಿರಲಿಲ್ಲ.

ಆ ವರ್ಷದ ನವೆಂಬರ್ ಏಳರಂದು ಎಲ್ಲರೂ ಹೋದ ಮೇಲೆ ಕೊನೆಗೆ ಬಂದವನು ಮೈದುನ ಮಸುಜಿ. ಶಿಗೆನೊಳ ಗಂಡ ಕಿಯೊಹಾರು ತೀರಿಕೊಂಡು ಇಪ್ಪತ್ತಾರು ವರ್ಷ. ಅವನು ಸತ್ತದ್ದು ಅಂಗಡಿಯ ಎದುರಿಗೇ ಕಾಣುವ ಬೆಟ್ಟದ ಇಳಿಜಾರಿನಲ್ಲಿ. ಈಗ ಅದೇ ಇಳಿಜಾರಿನಲ್ಲಿ ಮಸುಜಿ ಒಬ್ಬನೇ ದೇವದಾರಿನಂಥ ಸುಗಿ ಮರ ಕಡಿಯುತ್ತಿದ್ದ. ಹೆಚ್ಚು ಮಾತಿನವನಲ್ಲ. ಚೈನು ಮಸೆದು, ಧೂಳು ಊದಿ ಕೊಟ್ಟರೆ ಸಾಕು ಅಂದ.

ಶಿಗೆನೊಳಿಗೆ ಅಷ್ಟಕ್ಕೆ ಬಿಟ್ಟು ಅಭ್ಯಾಸವಿಲ್ಲ. ಚೈನು ಮಸೆದ ಮೇಲೆ ಮೆಷಿನ್ ಹಚ್ಚಿ ಅಂಗಳದ ದಿಮ್ಮಿಯಲ್ಲಿ ನಾಲ್ಕು ತುಂಡು ಕೊಯ್ದಳು, ಆರಿಸಿದಳು, ಮತ್ತೆ ಹಚ್ಚಲು ಅದರ ಹಗ್ಗ ಎಳೆದಳು. ಹತ್ತಲಿಲ್ಲ. ಹತ್ತು ಸಲ ಎಳೆದರೂ ಇಲ್ಲ. ಮಸುಜಿ ಮಾತ್ರ ಚಹಾ ಕುಡಿಯುತ್ತಾ ನಿರಾಳವಾಗಿ ಕುಳಿತಿದ್ದ.

"ಬಿಸಿ ಇದ್ದಾಗ ಅದು ಹತ್ತಲ್ಲ ಅತ್ತಿಗೆ. ಎರಡು ವರ್ಷದಿಂದ ಹಾಗೇ."

"ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ?"

"ನಂಗೇನು ತೊಂದ್ರೆ? ನಾನು ಆರಿಸೋದೇ ಇಲ್ವಲ್ಲ. ಹಚ್ಚಿದ್ರೆ ಪೆಟ್ರೋಲ್ ಮುಗಿದಾಗಲೇ ನಿಲ್ಲೋದು, ಆಗ ಅದು ತಣಿಯೋವರೆಗೂ ನಾನೂ ಕೂತು ಸುಧಾರಿಸ್ಕೋತೀನಿ. ಅಣ್ಣನೂ ಹಾಗೇ ಮಾಡ್ತಿದ್ನಲ್ಲ."

ಶಿಗೆನೊಳ ಕೈ ಹಗ್ಗದ ಮೇಲೇ ನಿಂತಿತು.

ಇಪ್ಪತ್ತಾರು ವರ್ಷದ ಹಿಂದೆ, ಇದೇ ಅಂಗಳದಲ್ಲಿ, ಕಿಯೊಹಾರು ಇದೇ ದೂರು ತಂದಿದ್ದ. ಅಂದು ಅವಳ ಮುಂದೆ ಊರವರ ಹನ್ನೊಂದು ಮೆಷಿನ್ ಸಾಲಾಗಿ ಬಿದ್ದಿದ್ದವು. ಮನೆಯವನದು ಕೊನೆಗೆ ನೋಡಿದರಾಯಿತು ಅನ್ನಿಸಿತ್ತು. ತಲೆ ಎತ್ತದೆ, "ಹಾಗಾದ್ರೆ ಆರಿಸಲೇಬೇಡಿ" ಅಂದುಬಿಟ್ಟಿದ್ದಳು. ಮೂರನೆಯ ದಿನ, ಮುರಿದು ಮೇಲೆ ಸಿಕ್ಕಿಕೊಂಡಿದ್ದ ಕೊಂಬೆಯೊಂದು ಅವನ ಮೇಲೆ ಬಿತ್ತು. ಕೆಳಗೆ ಕೆಲಸ ಮಾಡುತ್ತಿದ್ದ ಮಸುಜಿಗೆ ಅಣ್ಣನ ಗರಗಸದ ಸದ್ದು ಕೇಳುತ್ತಲೇ ಇತ್ತು. ಅಣ್ಣ ಕೆಲಸದಲ್ಲಿದ್ದಾನೆ ಅಂದುಕೊಂಡ. ಪೆಟ್ರೋಲ್ ಮುಗಿದು ಮೆಷಿನ್ ತಾನಾಗಿ ನಿಂತ ಮೇಲೆಯೇ ಅವನು ಮೇಲೆ ಹತ್ತಿ ನೋಡಿದ್ದು. ಊರವರು ಗಾಳಿಯನ್ನು ಬೈದರು. ಶಿಗೆನೊ ಬೈಯಲಿ ಎಂದು ಬಿಟ್ಟಳು. ತಾನು ಅಂದ ಮಾತನ್ನು ಯಾರಿಗೂ ಹೇಳಲಿಲ್ಲ.

ಕುರೊತಾನಿಯಲ್ಲಿ ಮರ ಬಿದ್ದ ಕೂಡಲೇ ಅದರ ತುದಿಯ ಚಿಗುರು ಮುರಿದು ತಂದು, ಕಡಿದ ಬುಡದ ಮೇಲೆ ನೆಟ್ಟು, ದೇವಿಗೆ ಕೈಮುಗಿಯಬೇಕು. ಬರಿಯ ಭಕ್ತಿಯಲ್ಲ ಅದು. ಬಿದ್ದ ಮರ ಅಕ್ಕಪಕ್ಕದ ಕೊಂಬೆಗಳನ್ನು ಮುರಿದು ಹೋಗಿರುತ್ತದೆ, ಬೀಳಬೇಕಾದದ್ದು ಇನ್ನೂ ತಲೆಯ ಮೇಲೆ ತೂಗುತ್ತಿರುತ್ತದೆ. ಹಿಂದಿನವರು ಆ ಹೊತ್ತಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕೈ ಮುಗಿದಿದ್ದರೂ ಕಿವಿ ತೆರೆದೇ ಇರುತ್ತಿತ್ತು. ಪಕ್ಕದಲ್ಲಿ ಗರಗಸ ಗುಡುಗುಡು ಅನ್ನುತ್ತಿದ್ದರೆ ಲಟಕ್ ಎಂಬ ಸದ್ದು ಯಾರ ಕಿವಿಗೆ ಬೀಳಬೇಕು?

ಶಿಗೆನೊ ಕೆಲಸಕ್ಕಿಳಿದಳು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿದಳು. ಟ್ಯಾಂಕಿಗೆ ಗಾಳಿ ಹೋಗದಿದ್ದರೆ ಬುಸ್ಸೆನ್ನಬೇಕಿತ್ತು, ಅನ್ನಲಿಲ್ಲ. ಪ್ಲಗ್ ಬಿಚ್ಚಿದಳು. ತುದಿ ಒದ್ದೆ, ಅಂದರೆ ಪೆಟ್ರೋಲ್ ಬರುತ್ತಿದೆ. ಪ್ಲಗ್ಗನ್ನು ಕಬ್ಬಿಣಕ್ಕೆ ತಾಗಿಸಿ ಹಿಡಿದು ಹಗ್ಗ ಎಳೆದಳು. ಕಿಡಿ ಇಲ್ಲ. ಮೆಷಿನ್ನನ್ನು ನೆರಳಿನ ಕಲ್ಲಿನ ಮೇಲಿಟ್ಟು ಅರ್ಧ ಗಂಟೆ ಕಾದು ಮತ್ತೆ ಎಳೆದಾಗ ನೀಲಿ ಕಿಡಿ ಚಟಕ್ಕೆಂದಿತು. ಬಿಸಿಯಾದರೆ ಸಾಯುವ, ತಣ್ಣಗಾದರೆ ಜೀವ ಬರುವ ಕಾಯಿಲ್, ಕಿಡಿ ಹುಟ್ಟುವುದೇ ಅದರಿಂದ. ಕಿಯೊಹಾರುವಿನ ಮೆಷಿನ್ನಿನಲ್ಲಿ ಇದ್ದದ್ದೂ ಇದೇ ರೋಗ. ಅವನ ಮಣ್ಣು ಮುಗಿದ ಮೇಲೆ ಬಿಚ್ಚಿ ನೋಡಿದ್ದಳು. ರಿಪೇರಿಗೆ ಹಿಡಿದದ್ದು ಒಂದೇ ಗಂಟೆ.

ಹೊಸ ಕಾಯಿಲ್ ಹಾಕಿ, ಮೆಷಿನ್ನನ್ನು ಮುಟ್ಟಲಾಗದಷ್ಟು ಕಾಯಿಸಿ, ಮಸುಜಿಯ ಕೈಯಿಂದಲೇ ಮೂರು ಸಲ ಆರಿಸಿ ಹಚ್ಚಿಸಿದಳು. ಮೂರು ಸಲವೂ ಒಂದೇ ಎಳೆತಕ್ಕೆ ಹತ್ತಿತು. ನಾಳೆಯಿಂದ ಪ್ರತಿ ಮರಕ್ಕೂ ಆರಿಸಬೇಕು ಅಂದಳು. ಅವನು ಹೂಂ ಅಂದು ಹೋದ. ಆ ಹೂಂ ಅವಳಿಗೆ ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕಿವಿಗೊಟ್ಟು ನಿಂತಳು. ಎದುರು ಬೆಟ್ಟದಲ್ಲಿ ಗರಗಸ ಕೂಗಿತು. ಮರ ಬಿದ್ದ ಸದ್ದು ಕಣಿವೆಗೆಲ್ಲ ಕೇಳಿತು. ಆಮೇಲೆ ಕೂಗು ತಗ್ಗಿತು, ಆದರೆ ನಿಲ್ಲಲಿಲ್ಲ. ಗುಡುಗುಡು ಗುಡುಗುಡು ಎಂದು ಅಲ್ಲೇ ಉಳಿಯಿತು. ಎರಡನೆಯ ಮರಕ್ಕೂ ಹಾಗೆಯೇ ಆಯಿತು. ಮೆಷಿನ್ನಿನ ರೋಗ ವಾಸಿಯಾಗಿತ್ತು, ಮನುಷ್ಯನದು ಆಗಿರಲಿಲ್ಲ.

ಅಂಗಡಿಯ ಬಾಗಿಲನ್ನೂ ಹಾಕದೆ ಸೇತುವೆ ದಾಟಿ ಹತ್ತತೊಡಗಿದಳು. ಮಂಡಿ ನೋವಿನ ಹೆಂಗಸು ಏದುಸಿರು ಬಿಡುತ್ತಾ ಮೇಲೆ ತಲುಪುವ ಹೊತ್ತಿಗೆ ಇನ್ನೊಂದು ಮರ ಬಿದ್ದು ಧೂಳು ಇನ್ನೂ ಇಳಿಯುತ್ತಿತ್ತು. ಗರಗಸ ಬುಡದ ಪಕ್ಕದಲ್ಲಿ ನೆಲದ ಮೇಲೆ ನಡುಗುತ್ತಾ ಓಡುತ್ತಿತ್ತು. ಮಸುಜಿ ಚಿಗುರು ನೆಟ್ಟು, ಅವಳ ಕಡೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದ. ಶಿಗೆನೊ ಕೂಗಿದಳು. ಅವನು ತಿರುಗಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವಂತೆ ಕೂಗಿದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ತಡವರಿಸುತ್ತಾ ಹೋಗಿ ಬಗ್ಗಿ ಗರಗಸ ಆರಿಸುವ ಗುಂಡಿ ಒತ್ತಿದಳು.

ಗರಗಸ ನಿಂತಿತು. ಮೇಲೆ, ಬಹಳ ಮೇಲೆ, ಸಣ್ಣಗೆ ಲಟಕ್ ಎಂದಿತು.

ಮಸುಜಿ ತಲೆ ಎತ್ತಿ ನೋಡಲಿಲ್ಲ. ಅತ್ತಿಗೆಯ ರಟ್ಟೆ ಹಿಡಿದು ಎಳೆದುಕೊಂಡು ಇಳಿಜಾರಿಗೆ ಹಾರಿದ. ಇಬ್ಬರೂ ಉರುಳಿಕೊಂಡು ಹೋಗಿ ಒಂದು ಮರದ ಬೇರಿಗೆ ತಗುಲಿ ನಿಂತರು. ತೊಡೆ ದಪ್ಪದ ಕೊಂಬೆ ಬುಡದ ಮೇಲೆಯೇ ಬಿದ್ದಿತ್ತು. ನೆಟ್ಟ ಚಿಗುರು ಅದರಡಿ ಎಲ್ಲಿ ಹೋಯಿತೋ ಕಾಣಲಿಲ್ಲ.

ಶಿಗೆನೊಳಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಮಸುಜಿ, ಅವ್ರು ಸತ್ತಿದ್ದು ಗಾಳಿಯಿಂದಲ್ಲ. ಆರಿಸಬೇಡಿ ಅಂತ ಹೇಳಿದ್ದು ನಾನು."

ಮಸುಜಿ ಕೈಗಂಟಿದ ಮಣ್ಣು ಉಜ್ಜಿಕೊಳ್ಳುತ್ತಾ ಕುಳಿತಿದ್ದ.

"ಗೊತ್ತು ಅತ್ತಿಗೆ. ಅವತ್ತು ಬೆಳಿಗ್ಗೆ ಅಣ್ಣ ಹೇಳಿದ್ದ. ನಿಮ್ಮತ್ತಿಗೆ ಆರಿಸಬೇಡಿ ಅಂದ್ಲು ಕಣೋ ಅಂತ ನಗ್ತಾ ಹೇಳಿದ್ದ."

"ಗೊತ್ತಿದ್ದೂ ಇಷ್ಟು ವರ್ಷ ನೀನು..."

"ನಾನೂ ಆರಿಸ್ದೆ ಬದುಕಿದ್ರೆ, ಅಣ್ಣ ಸತ್ತಿದ್ದು ಆ ಮಾತಿಂದ ಅಲ್ಲ ಅಂತಾಗತ್ತಲ್ಲ. ಅದಕ್ಕೇ ಯಾವತ್ತೂ ಆರಿಸ್ಲಿಲ್ಲ."

ಶಿಗೆನೊ ಅತ್ತಳು. ಗಂಡ ಸತ್ತಾಗ ಜನರೆದುರು ಅತ್ತದ್ದು ಬೇರೆ, ಇದು ಬೇರೆ. ಅವನು ತಡೆಯಲಿಲ್ಲ. ಅವಳ ಅಳು ಇಳಿದ ಮೇಲೆ ಎದ್ದು, ಬಿದ್ದ ಮರದ ತುದಿಗೆ ಹೋಗಿ ಇನ್ನೊಂದು ಚಿಗುರು ಮುರಿದು ತಂದು ಬುಡದ ಮೇಲೆ ನೆಟ್ಟ. ಗರಗಸ ನೆಲದ ಮೇಲೆ ಬಿಸಿಯಾಗಿ, ಸದ್ದಿಲ್ಲದೆ ಬಿದ್ದಿತ್ತು. ಇಬ್ಬರೂ ಕೈಮುಗಿದು, ಮೇಲಿನಿಂದ ಇನ್ನೇನು ಕೇಳುವುದೋ ಎಂದು ಕಿವಿಗೊಟ್ಟು ನಿಂತರು.