ಸಾಲಿಗೆ ಸೇರದ ಟಿಕಳಿ

ಸಂಪಗಾಂವದ ಹೊಲದ ದಾರಿಯಲ್ಲಿ ಇನ್ನೂ ಮಸುಕು. ಕೆಂಪವ್ವ ಒಂದು ಕೂಸನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದರ ಕೈ ಹಿಡಿದು ಬರುತ್ತಿದ್ದಾರೆ. ಕಳೆ ತೆಗೆಯಲು ಹೊರಟ ಹೆಂಗಸರು ಚುಡಾಯಿಸುತ್ತಾರೆ: “ಯಾಕಬೇ ಕೆಂಪಕ್ಕಾ, ಇವತ್ತ ಹೆಜ್ಜಿ ಎಣಸೂದು ಬಿಟ್ಟಿ?”

“ನಿಮ್ಮ ಜೋಡಿ ಮಾತಾಡಿದ್ರ ಲೆಕ್ಕಾ ತಪ್ಪತೈತಿ, ನಡೀರವ್ವಾ!”

ಐವತ್ತೆರಡರ ಕೆಂಪವ್ವ ಅಂಗನವಾಡಿ ಸಹಾಯಕಿ. ಓದಿದ್ದು ನಾಲ್ಕನೇ ಇಯತ್ತೆ. ಹತ್ತೊಂಬತ್ತು ಮಕ್ಕಳ ಅಡುಗೆ, ಕಸ, ನೀರು ಅವರ ನೌಕರಿ. ನಸುಕಿನ ಈ ನಾಲ್ಕು ಮೈಲಿ ನೌಕರಿಯಲ್ಲ. ಅದನ್ನು ಹೇಳಿಕೊಟ್ಟದ್ದು ಅಂಗನವಾಡಿ ಗೋಡೆಯ ಮೇಲಿನ ಒಂದು ಹಾಳೆ.

ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಹಣೆಯ ಟಿಕಳಿಗಳನ್ನು ಅಂಟಿಸಿದ್ದಾರೆ. ಒಂದು ಟಿಕಳಿ ಎಂದರೆ ಒಂದು ಮಗು. ಮನೆ ಎಷ್ಟು ಹೆಜ್ಜೆ ದೂರವೋ ಅಷ್ಟು ಬಲಕ್ಕೆ, ತಿಂಗಳಿಗೆ ಎಷ್ಟು ದಿನ ಬಂದಿತೋ ಅಷ್ಟು ಮೇಲಕ್ಕೆ. ಅಂಗನವಾಡಿ ಕಾರ್ಯಕರ್ತೆ ನಾಗರತ್ನಾ ಟೀಚರ್ ಕಲಿಸಿದ್ದು. ಅಂಟಿಸಿ ಮುಗಿಸಿದಾಗ ಟಿಕಳಿಗಳು ಎಡದ ಮೇಲಿನಿಂದ ಬಲದ ಕೆಳಕ್ಕೆ ಜಾರಿದ್ದವು. ದೂರ ಹೆಚ್ಚಿದಂತೆ ಹಾಜರಿ ಕಡಿಮೆ.

“ಹಂಗಾರ ದೂರಾನ ಕಾರಣ ಅಂದೆ. ಟೀಚರ್ ಅಂದ್ರು, ‘ಎರಡೂ ಜೋಡೀಲೆ ಬದಲಾದ್ರ ಒಂದಕ್ಕ ಇನ್ನೊಂದ ಕಾರಣ ಅಂತಲ್ಲ ಕೆಂಪಕ್ಕಾ, ಹೋಗಿ ಕೇಳ್ರಿ.’ ಕೇಳಿದೆ. ದೂರದ ತಾಯಂದ್ರೆಲ್ಲಾ ಹೊತ್ತು ಹುಟ್ಟೂಕಿಂತ ಮೊದಲ ಕೂಲಿಗೆ ಹೋಗತಾರ. ಕೂಸಿನ ಕೈ ಹಿಡ್ಯಾವ್ರ ಇಲ್ರಿ.”

ಮರುದಿನದಿಂದ ಮಕ್ಕಳನ್ನು ಕರೆತರಲು ತಾವೇ ಹೊರಟರು. ಎರಡನೇ ಹಾಳೆಯಲ್ಲಿ ಅವರು ಹೋಗಿ ಕರೆದ ದಿನಗಳು ಬಲಕ್ಕೆ, ಮಗು ಬಂದ ದಿನಗಳು ಮೇಲಕ್ಕೆ. ಕರೆದಷ್ಟೂ ಟಿಕಳಿಗಳು ಏರಿವೆ.

ಮೊದಲ ಹಾಳೆಯಲ್ಲಿ ಮಾತ್ರ ಒಂದು ಟಿಕಳಿ ಯಾವ ಸಾಲಿಗೂ ಸೇರದೆ ಬಲತುದಿಯಲ್ಲಿ, ಎಲ್ಲಕ್ಕಿಂತ ಮೇಲೆ ಒಂಟಿಯಾಗಿದೆ. ಅದು ಉಮಾಶ್ರೀ. ಕಬ್ಬು ಕಡಿಯುವ ಗ್ಯಾಂಗಿನ ಗುಡಿಸಲಿನಿಂದ ಎರಡು ಸಾವಿರದ ನೂರು ಹೆಜ್ಜೆ. ಯಾರೂ ಕರೆಯದಿದ್ದರೂ ಐದೂವರೆ ವರ್ಷದ ಆ ಮಗು ಒಂದು ದಿನವೂ ತಪ್ಪಿಸಲಿಲ್ಲ. ಕೀಲಿ ತೆಗೆಯುವ ಮೊದಲೇ ಬಾಗಿಲಲ್ಲಿ ಕುಳಿತಿರುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಕಬ್ಬು ಮುಗಿಯಿತು. ಗ್ಯಾಂಗು ಹೇಳದೆ ಹೋಯಿತು.

ಈಗ ಮತ್ತೆ ಕಬ್ಬಿನ ಹಂಗಾಮು. ಕೆಂಪವ್ವ ದಿನಾಲು ಆ ಬಯಲಿನ ತನಕ ಹೋಗಿ ನೋಡಿ ಬರುತ್ತಾರೆ. ಗುಡಿಸಲುಗಳು ಇನ್ನೂ ಎದ್ದಿಲ್ಲ.

“ಗ್ಯಾಂಗ ಬಂದ್ರೂ ಆಕಿ ನಮ್ಮ ಕಡೆ ಬರೂದಿಲ್ರಿ, ದೊಡ್ಡ ಸಾಲಿ ವಯಸ್ಸಾತು,” ಎನ್ನುತ್ತಾರೆ. “ಬರದವ್ರನ್ನೆಲ್ಲಾ ಕೇಳಿದೆ, ಯಾಕ ಬರೂದಿಲ್ಲ ಅಂತ. ದಿನಾ ಬರೂ ಆ ಹುಡುಗೀನ್ನ ಕೇಳಲೇ ಇಲ್ಲ ನೋಡ್ರಿ. ದಾರ್ಯಾಗ ಒಮ್ಮೆ ಸಿಕ್ರ ಸಾಕು. ಅಷ್ಟು ದೂರದಿಂದ ಯಾಕ ಬರತಿದ್ದಿ ನನ್ನವ್ವಾ, ಅಂತ ಕೇಳತೇನಿ.”