ಮಳ್ಳಿಯ ಬೇರು ಬಲ್ಲ ಬೇರಕ್ಕ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕೆಲಸ ನೋಡಲೆಂದು ನಾನು ಬರುವಷ್ಟರಲ್ಲಿ ಬೇರಕ್ಕ ಆಗಲೇ ಹುಲ್ಲುಗಾವಲಿನಲ್ಲಿ ಮಂಡಿಯೂರಿದ್ದಾರೆ. ಮಂಡಿಗೆ ಹಳೆಯ ಟೈರಿನ ತುಂಡು, ಕೈಯಲ್ಲಿ ಮೂರು ಹಲ್ಲಿನ ಫೋರ್ಕ್. ಒಂದು ಹಳದಿ ಹೂವಿನ ಗಿಡದ ಬುಡಕ್ಕೆ ಅದನ್ನಿಳಿಸಿ, ಅಲುಗಾಡಿಸಿ, ಬೇರುಸಮೇತ ಎತ್ತುತ್ತಾರೆ. “ಬಾರಮ್ಮ ಮಳ್ಳಿ, ಸಾಕು ನಿನ್ನ ನಾಟಕ!”

ಮಳ್ಳಿ ಎಂದರೆ ಬಟರ್‌ಕಪ್ ಎಂಬ ಕಳೆ. ಹೂವಿಗೆ ಆ ಹೆಸರಿಟ್ಟವರು ಬೇರಕ್ಕ. ಅವರಿಗೆ ಬೇರಕ್ಕ ಎಂದು ಹೆಸರಿಟ್ಟವರು ಅವರು ಕೆಲಸ ಮಾಡುವ ಡೈರಿಯವರು. ಮಂಚಕ್ಕೆಷ್ಟು ಕಾಲು ಎಂದರೆ ಮೂರು ಮತ್ತೊಂದು ಎಂದಳಲ್ಲ, ಆ ಮಳ್ಳಿಯ ಪೈಕಿಯೇ ಇದು. ನೋಡಲು ಮುದ್ದು, ರಸ ಮಾತ್ರ ಖಾರ. ಹಸಿಯಾಗಿ ತಿಂದರೆ ಹಸುವಿನ ಬಾಯಿ ಉರಿಯುತ್ತದೆ. ಹಾಗಾಗಿ ಹಸುಗಳು ಅದನ್ನು ಬಿಟ್ಟು ಸುತ್ತಲಿನ ಹುಲ್ಲನ್ನಷ್ಟೇ ಬೋಳಿಸುತ್ತವೆ. ಕೇಳುವವರಿಲ್ಲದ ಮಳ್ಳಿ ಆರಾಮಾಗಿ ಕಾಲು ಚಾಚುತ್ತದೆ.

ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರಕ್ಕನೂ ಮೋಸಹೋಗಿದ್ದರು. ಕುಡುಗೋಲಿನಿಂದ ಹೂವನ್ನೆಲ್ಲ ಸವರಿ, ಬೀಗುತ್ತ ಮನೆಗೆ ಹೋದರು. ಮೂರೇ ವಾರಕ್ಕೆ ನೆಲವೆಲ್ಲ ಮತ್ತೆ ಹಳದಿ! “ನಾನು ಅದರ ತಲೆ ತೆಗೆದೆ ಅನ್ಕೊಂಡೆ. ಅದು ಕ್ಷೌರ ಮಾಡಿಸ್ಕೊಂಡು ಎದ್ದುಹೋಗಿತ್ತು, ಅಷ್ಟೇ. ನೆಲದ ಮೇಲೆ ಬಳ್ಳಿ ಬಿಡುತ್ತೆ ರೀ, ಗೆಣ್ಣು ಗೆಣ್ಣಿಗೂ ಬೇರು. ಒಂದು ತುಂಡು ಬಿದ್ದಿದ್ರೂ ಸಂಸಾರ ಹೂಡುತ್ತೆ.”

ಈಗ ಬೆಳಗಿನ ಹತ್ತರೊಳಗೆ ಎಂಟು ಚೀಲ ಕಳೆ ತುಂಬುತ್ತದೆ. ಕಿತ್ತ ಗುಂಡಿಗೆ ಒಂದು ಚಿಟಿಕೆ ಹುಲ್ಲಿನ ಬೀಜ, ಮೇಲೊಂದು ಅಂಗೈ ತಟ್ಟು. ಜೌಗಾದ ಕಡೆ ಕಾಲುವೆ ತೋಡುವುದು, ನೆಲ ಹಸಿಯಿದ್ದಾಗ ದನ ಬಿಟ್ಟವರಿಗೆ ಬೈಯುವುದು ಸಹ ಅವರದೇ ಕೆಲಸ. ಗೊರಸು ತುಳಿದು ಬೋಳಾದ ಜಾಗಕ್ಕೇ ಮಳ್ಳಿ ಮೊದಲು ಬರುವುದು. ಒಮ್ಮೆ ರಸ ತಾಗಿ ಕೈಯೆಲ್ಲ ಬೊಬ್ಬೆಯೆದ್ದಾಗ, ಹಾಲಿನ ವ್ಯಾನ್ ಓಡಿಸುವ ಗಂಡ ಎರಡು ವಾರ ಅಡುಗೆ ಮಾಡಿದ್ದರಂತೆ. “ಕೈ ವಾಸಿಯಾಯ್ತು. ನಾಲಗೆ ಇನ್ನೂ ಆಗಿಲ್ಲ,” ಎಂದು ನಗುತ್ತಾರೆ.

ಆದರೆ ಇವತ್ತು ಆ ನಗುವಿನಲ್ಲಿ ಅಳುಕಿದೆ. ಹೋದ ವರ್ಷ ನೀರು ನಿಂತು ಐದೆಕರೆಯ ಈ ತಗ್ಗು ಪೂರ್ತಿ ಮಳ್ಳಿಯ ಪಾಲಾಗಿತ್ತು. ಯಂತ್ರ ತರಿಸಿ ಕಳೆ ಸಾಯಿಸುವ ಔಷಧಿ ಹೊಡೆಸುತ್ತೇನೆಂದರು ಡೈರಿಯ ಯಜಮಾನರು. ಹಸುಗಳಿಗೆ ಪ್ರಿಯವಾದ ಕ್ಲೋವರ್ ಸೊಪ್ಪೂ ಸಾಯುತ್ತದೆ, ಒಂದು ವರ್ಷ ಬಿಡಿ, ಕೈಯಲ್ಲೇ ಕಿತ್ತು ತೋರಿಸುತ್ತೇನೆ ಎಂದು ಬೇರಕ್ಕ ಹಟ ಹಿಡಿದರು. ಆ ಗಡುವು ಇವತ್ತಿಗೆ ಮುಗಿಯಿತು. ಹಸುಗಳು ಇಲ್ಲಿ ಮೇಯದಿದ್ದರೆ ನಾಳೆ ಔಷಧಿ; ಬೇರಕ್ಕನಿಗೆ ಕಾಯಂ ರಜೆ.

ಯಜಮಾನರು ಗೇಟು ತೆರೆಯುತ್ತಾರೆ. ಮುಂದೆ ಕಪ್ಪು ಹಸು, ಎಲ್ಲದಕ್ಕೂ ಮೂಗು ಮುರಿಯುವ ಜಂಬಗಾತಿ. ನಾಲ್ಕು ಹೆಜ್ಜೆ ಬಂದು ನೆಲ ಮೂಸುತ್ತದೆ. ಬೇರಕ್ಕ ನನ್ನ ತೋಳು ಹಿಡಿದಿದ್ದಾರೆ, ಉಗುರು ನಾಟುತ್ತಿದೆ. ಅಬ್ಬಾ, ಹಸು ಬಾಯಿ ಹಾಕಿತು! ಚರಕ್ ಚರಕ್ ಎಂದು ಹುಲ್ಲು ಹರಿಯುವ ಸದ್ದು. ಹಿಂದೆಯೇ ಉಳಿದವೂ ಬರುತ್ತವೆ. ಕಾಲು ಗಂಟೆಯಾದರೂ ಒಂದೂ ತಲೆ ಎತ್ತುವುದಿಲ್ಲ.

ಯಜಮಾನರು ಗೇಟಿನಿಂದಲೇ ಫೋನ್ ಮಾಡಿ ಔಷಧಿಯವರಿಗೆ ಬರಬೇಡಿ ಎನ್ನುತ್ತಾರೆ. ಆಮೇಲೆ, “ಗೆದ್ದುಬಿಟ್ಟೆ ಕಣಮ್ಮ ಬೇರಕ್ಕ!” ಎಂದು ಕೂಗುತ್ತ ಹಸುಗಳ ನಡುವೆಯೇ ದಾಪುಗಾಲಿಡುತ್ತ ಬರುತ್ತಾರೆ.

ಬೇರಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗದರುವ ದನಿಯಲ್ಲಿ ಪಿಸುಗುಡುತ್ತಾರೆ. “ಮೆಲ್ಲಗೆ ಯಜಮಾನ್ರೇ! ಊಟಕ್ಕೆ ಕೂತೋರನ್ನ ಎಬ್ಬಿಸಬಾರದು.”