ನನ್ನ ಕೈಗುಣಕ್ಕೆ ಕಟ್ಟಿದ ಬ್ಯಾಂಡೇಜು

ಮೊನ್ನೆ ಬೆಳಿಗ್ಗೆ, ಏನೂ ಆಗದ ನನ್ನ ಬಲಗೈಗೆ ನಾನೇ ಬ್ಯಾಂಡೇಜ್ ಸುತ್ತಿಕೊಂಡು ಡ್ಯೂಟಿಗೆ ಹೋದೆ.

ಕಾರಣ ದೀಕ್ಷಾ.

ಪುತ್ತೂರಿನ ಒಂದು ಡಯಾಲಿಸಿಸ್ ಸೆಂಟರಿನಲ್ಲಿ ನಾನು ನರ್ಸ್. ದೀಕ್ಷಾ ಹೊಸದಾಗಿ ಸೇರಿದ ಸುಳ್ಯದ ಹುಡುಗಿ, ಕೆಲಸದಲ್ಲಿ ಬಹಳ ಚುರುಕು.

ಆದರೆ ನಮ್ಮ ಪೇಶೆಂಟುಗಳಿಗೆ ಒಂದು ನಂಬಿಕೆ ಉಂಟು... ಕೈಗುಣ! ವಾರಕ್ಕೆ ಎರಡು ಮೂರು ಸಲ ಬಂದು ಅಷ್ಟು ದಪ್ಪ ಸೂಜಿಗೆ ಕೈ ಕೊಡುವವರು ಅದನ್ನು ನೋಡದೆ ಇರುತ್ತಾರಾ? "ಲತಕ್ಕನೇ ಚುಚ್ಚಲಿ" ಎಂದು ಎಲ್ಲರದೂ ಒಂದೇ ಹಟ.

ನನಗೂ ಒಳಗೊಳಗೇ ಜಂಬ. ಸುಳ್ಳು ಯಾಕೆ ಹೇಳಲಿ?

ದೀಕ್ಷಾಳ ಪಾಲಿಗೆ ಬಿಪಿ ನೋಡುವುದು, ತೂಕ ನೋಡುವುದು, ಮಿಷನ್ ಒರೆಸುವುದು. ಕಳೆದ ವಾರ ಹೇಳಿಯೇಬಿಟ್ಟಳು, "ಲತಕ್ಕ, ನಾನು ಕೆಲಸ ಬಿಡ್ತೇನೆ. ದರ್ಬೆಯ ಬಟ್ಟೆ ಅಂಗಡಿಯಲ್ಲಿ ಜನ ಬೇಕಂತೆ. ಅಲ್ಲಿ ಸೀರೆಯನ್ನಾದ್ರೂ ಮುಟ್ಲಿಕ್ಕೆ ಬಿಡ್ತಾರೆ."

ಅವಳು ಕಲಿತದ್ದು, ನಾನು ಕಲಿಸಿದ್ದು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತದಲ್ಲ!

ಹಾಗಾಗಿ ಬ್ಯಾಂಡೇಜು.

ಮೊದಲ ಬಲಿ ಆಲಂಕಾರಿನ ಅಬ್ಬಾಸ್ ಕಾಕ. ಸೆಂಟರಿನಲ್ಲಿ ಅವರದೇ ದೊಡ್ಡ ಬಾಯಿ, ಅವರು ಒಪ್ಪಿದರೆ ಉಳಿದವರೂ ಒಪ್ಪಿದ ಹಾಗೆ.

"ಎಂತ ಆಯ್ತು ಸಿಸ್ಟರ್ ಕೈಗೆ?"

"ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಕಾಕ. ಇವತ್ತು ದೀಕ್ಷಾನೇ."

"ಯಾ ರಬ್ಬೇ!" ಎಂದು ಕಣ್ಣು ಮುಚ್ಚಿ ಕೈ ಚಾಚಿದರು. ದೀಕ್ಷಾಳ ಮುಖ ಬಿಳಿಚಿಕೊಂಡಿತ್ತು. ಆದರೂ ಸೂಜಿ ಎತ್ತಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಕಾಕ ಒಂದೇ ಕಣ್ಣು ತೆರೆದರು. "ಬೇಗ ಚುಚ್ಚು ಮಗಳೇ, ಹೀಗೆ ಹೆದರಿಸಿ ಕೊಲ್ಬೇಡ."

"ಚುಚ್ಚಿ ಆಯ್ತಲ್ಲ ಕಾಕ... ಮಿಷನ್ ಓಡ್ತಾ ಉಂಟು!"

ಅಷ್ಟು ಸಾಕಿತ್ತು. ಆಮೇಲೆ ಬಂದವರೆಲ್ಲ ತೆಪ್ಪಗೆ ಅವಳಿಗೇ ಕೈ ಕೊಟ್ಟರು. ನಾನು ಮಹಾರಾಣಿಯ ಹಾಗೆ ಕೂತಿದ್ದೆ.

ಮಧ್ಯಾಹ್ನ ಊಟಕ್ಕೆ ಬ್ಯಾಂಡೇಜ್ ಬಿಚ್ಚಿದೆ. ಬೂತಾಯಿ ಮೀನಿನ ಗಸಿಯ ಊಟ ಬಲಗೈಯಲ್ಲೇ ಆಗಬೇಕಲ್ಲ! ಉಂಡು, ಕೈ ತೊಳೆದು, ಪುನಃ ಸುತ್ತಿಕೊಂಡು ಬಂದೆ.

ಮನೆಗೆ ಹೊರಟಿದ್ದ ಕಾಕ ನನ್ನನ್ನು ಮೆಲ್ಲ ಮೂಲೆಗೆ ಕರೆದರು.

"ಸಿಸ್ಟರ್, ಬೆಳಿಗ್ಗೆ ಪೆಟ್ಟಾದದ್ದು ಬಲಗೈಗೆ. ಈಗ ಬ್ಯಾಂಡೇಜ್ ಎಡಗೈಯಲ್ಲಿ ಉಂಟು. ಊಟಕ್ಕೆ ಹೋದಲ್ಲಿ ಪುನಃ ಬಿದ್ರಾ?"

ಕೈ ನೋಡಿಕೊಂಡೆ... ಹೌದು! ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬೇರೆ ದಾರಿಯಿಲ್ಲದೆ ವಿಷಯ ಪೂರ್ತಿ ಹೇಳಿದೆ, ಬಟ್ಟೆ ಅಂಗಡಿ ಸಮೇತ.

ಕಾಕ ಆಚೆ ಈಚೆ ನೋಡಿದರು. "ನಾನೆಂತದೂ ನೋಡ್ಲಿಲ್ಲ" ಎಂದು ಹೊರಟೇ ಹೋದರು.

ಇವತ್ತು ಪುನಃ ಅವರ ಸರದಿ. ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗಿದರು, "ದೀಕ್ಷಾ ಸಿಸ್ಟರ್ ಎಲ್ಲಿ? ನನಗೆ ಅವರೇ ಆಗ್ಬೇಕು. ಎಂತ ಕೈಗುಣ ಮಾರಾಯ್ರೆ!"

ಹಿಂದಿನಿಂದ ಉಳಿದವರದ್ದೂ ಅದೇ ರಾಗ.

ಬಟ್ಟೆ ಅಂಗಡಿಗೆ ಬರುವುದಿಲ್ಲವೆಂದು ಫೋನ್ ಮಾಡಿಯೂ ಆಯ್ತಂತೆ. ನೆಲಕ್ಕೆ ಕಾಲು ತಾಗದ ಹಾಗೆ ಓಡಾಡುತ್ತಿದ್ದಾಳೆ ಹುಡುಗಿ.

ನಾನೋ, ತೂಕ ನೋಡುತ್ತಾ ನಿಂತಿದ್ದೇನೆ. ಖುಷಿಯಾಗಿದೆ, ದೇವರಾಣೆ ಖುಷಿಯಾಗಿದೆ...

ಆದರೆ ಈ ಹೊಟ್ಟೆ ಯಾಕೆ ಇಷ್ಟು ಉರಿಯುತ್ತಿದೆ ಅಂತ ಯಾರಾದರೂ ಹೇಳ್ತೀರಾ?